97 ಪರ್ಸೆಂಟ್‌ಗೆ ಸಿಗಲಿಲ್ಲ, 82ಕ್ಕೆ ಸಿಕ್ಕಿತು: ಚಿಕ್ಕಬಳ್ಳಾಪುರದ ಒಂದು ಸ್ಕಾಲರ್‌ಶಿಪ್ ಆಯ್ಕೆಯ ಪ್ರಕರಣ

"ಸಾರ್, ನನ್ನ ಮಗಳಿಗೆ 97 ಪರ್ಸೆಂಟ್ ಬಂದಿದೆ. ನೀವು ಕೊಟ್ಟಿರೋ ಹುಡುಗನಿಗೆ 82 ಅಂತೆ. ಇದು ಹೆಂಗೆ ಸಾರ್?"

ಚಿಕ್ಕಬಳ್ಳಾಪುರದಲ್ಲಿ ಚಿಲ್ಲರೆ ಅಂಗಡಿ ಇಟ್ಟುಕೊಂಡಿರುವ ಒಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಅವರು ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದರು. ಅಂಥ ಪ್ರಶ್ನೆಗೆ "ಕಮಿಟಿ ತೀರ್ಮಾನ" ಎಂದು ಹೇಳಿ ಕಳಿಸಿದರೆ ಅದು ಉತ್ತರ ಆಗುವುದಿಲ್ಲ. ಅವರಿಗೆ ಕೂತು ವಿವರಿಸಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆದಿದ್ದೇನೆ. ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಿಗೆ, ಇಂಥ ಕಮಿಟಿಗಳಲ್ಲಿ ಕೂರುವವರಿಗೆ, ಇಬ್ಬರಿಗೂ ಉಪಯೋಗವಾಗಬಹುದು.

ನಾನು ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವನು. ನಿವೃತ್ತಿಯ ನಂತರ ಜಿಲ್ಲೆಯ ಒಂದು ಸಣ್ಣ ಟ್ರಸ್ಟ್‌ನ ಆಯ್ಕೆ ಕಮಿಟಿಗೆ ಸೇರಿಕೊಂಡೆ. ಟ್ರಸ್ಟ್‌ನ ಹೆಸರು ಬೇಡ. ಮಕ್ಕಳ ಗುರುತು ಸಿಗಬಾರದು ಎಂದು ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಟ್ರಸ್ಟ್ ಏನು ಕೊಡುತ್ತದೆ

ಪ್ರತಿ ವರ್ಷ ಜಿಲ್ಲೆಯ 10 ಮಕ್ಕಳಿಗೆ ಡಿಗ್ರಿ ಮುಗಿಯುವವರೆಗೆ ನೆರವು. ಕಾಲೇಜಿನ ಫೀಸಿನ ಒಂದು ಪಾಲು, ಜೊತೆಗೆ ಪುಸ್ತಕ, ಹಾಸ್ಟೆಲ್ ಖರ್ಚಿಗೆ ಸ್ವಲ್ಪ ದುಡ್ಡು. 2025ರಲ್ಲಿ ಅರ್ಜಿ ಬಂದದ್ದು 120ರ ಆಸುಪಾಸು. ಮನೆಯ ವಾರ್ಷಿಕ ಆದಾಯ ಎರಡೂವರೆ ಲಕ್ಷದ ಒಳಗಿರಬೇಕು, ಜಿಲ್ಲೆಯವರಾಗಿರಬೇಕು, ಡಿಗ್ರಿಗೆ ಸೇರಿರಬೇಕು. ಅರ್ಹತೆ ಇಷ್ಟೇ.

ಮೊದಲು ಒಂದು ವಿಷಯ ಹೇಳಬೇಕು. ಸ್ಕಾಲರ್‌ಶಿಪ್ ಅಂದರೆ ನಮ್ಮಲ್ಲಿ ಎಲ್ಲವನ್ನೂ ಒಂದೇ ಥರ ನೋಡುತ್ತಾರೆ. ಅದರಲ್ಲಿ ಎರಡು ಜಾತಿ ಇವೆ. ಒಂದು, ಅರ್ಹತೆ ಇದ್ದರೆ ಸಿಗುವುದು. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಹಾಕುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಈ ಗುಂಪಿನವು. ಇಲ್ಲಿ ಪಕ್ಕದ ಮನೆಯ ಹುಡುಗನ ಮಾರ್ಕ್ಸು ಎಷ್ಟು ಎಂಬುದು ನಿಮಗೆ ಸಂಬಂಧವಿಲ್ಲ. ಇನ್ನೊಂದು, ಸೀಟು ಎಣಿಸಿ ಕೊಡುವುದು. ನಮ್ಮ ಟ್ರಸ್ಟಿನದು ಈ ಎರಡನೆಯ ಜಾತಿ. ಇಲ್ಲಿ ಅರ್ಹತೆ ಎಂದರೆ ಒಳಗೆ ಬರಲು ಬಾಗಿಲು ತೆಗೆದರು ಎಂದಷ್ಟೇ ಅರ್ಥ. ಅರ್ಹರಾದ ಬಹಳಷ್ಟು ಮಕ್ಕಳಿಗೆ ಸಿಗುವುದೇ ಇಲ್ಲ. ಅರ್ಜಿ ಹಾಕುವಾಗಲೇ ಇದು ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. "ಎಲ್ಲಾ ದಾಖಲೆ ಸರಿ ಇತ್ತಲ್ಲ ಸಾರ್, ಯಾಕೆ ಬರಲಿಲ್ಲ?" ಎಂದು ಕೇಳುವುದು ಅದಕ್ಕೇ.

ಕಾಗದದಲ್ಲೇ ನಿಂತುಹೋದವರು

ಮೊದಲ ಸುತ್ತಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅರ್ಜಿ ಹೊರಗೆ ಹೋದವು. ಮಾರ್ಕ್ಸು ಕಡಿಮೆ ಎಂದಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು. ತಂದೆಯ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಅರ್ಧ. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಸೈಬರ್ ಸೆಂಟರ್‌ನವರು ಅಪ್‌ಲೋಡ್ ಮಾಡಿದ ಪಾಸ್‌ಬುಕ್ ಫೋಟೋದಲ್ಲಿ ಖಾತೆ ಸಂಖ್ಯೆಯೇ ಕಾಣಿಸುತ್ತಿಲ್ಲ.

ಈ ಮಕ್ಕಳು ಸ್ಪರ್ಧೆಯಲ್ಲಿ ಸೋತವರಲ್ಲ, ಸ್ಪರ್ಧೆವರೆಗೆ ಬರಲೇ ಇಲ್ಲ. ಗೌರಿಬಿದನೂರು ತಾಲ್ಲೂಕಿನ ಒಬ್ಬ ಹುಡುಗ 94 ಪರ್ಸೆಂಟ್ ತೆಗೆದಿದ್ದ. ಆದಾಯ ಪತ್ರ ಹಳೆಯದು. ಹೊಸದು ಕೊಡಲು ಒಂದು ವಾರ ಕೊಟ್ಟರು. ಅವನಿಗೆ ಆ ಮೆಸೇಜು ಮುಟ್ಟಲಿಲ್ಲ, ಏಕೆಂದರೆ ಅರ್ಜಿಯಲ್ಲಿ ಇದ್ದದ್ದು ಸೈಬರ್ ಸೆಂಟರ್‌ನ ನಂಬರು. ನನಗೆ ಇಡೀ ಪ್ರಕ್ರಿಯೆಯಲ್ಲಿ ಜಾಸ್ತಿ ಸಂಕಟ ಕೊಟ್ಟ ಫೈಲು ಅದು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ದಯವಿಟ್ಟು ಅರ್ಜಿಗೆ ಮನೆಯವರ ಫೋನ್ ನಂಬರನ್ನೇ ಹಾಕಿ.

ಉಳಿದ ಅರ್ಜಿಗಳಿಗೆ ಅಂಕ ಹಾಕಿ 20 ಮಂದಿಯನ್ನು ಸಂದರ್ಶನಕ್ಕೆ ಆರಿಸಿದೆವು. ಒಟ್ಟು 100 ಅಂಕ. ಪಿಯುಸಿ ಮಾರ್ಕ್ಸಿಗೆ 40, ಮನೆಯ ಪರಿಸ್ಥಿತಿಗೆ 30, ಅರ್ಜಿಯ ಜೊತೆ ಬರೆಯುವ ಪತ್ರಕ್ಕೆ 10, ಸಂದರ್ಶನಕ್ಕೆ 20. ಮನೆಯ ಪರಿಸ್ಥಿತಿ ತಿಳಿಯಲು ಸ್ವಯಂಸೇವಕರು ಮನೆಗೇ ಹೋಗಿ ಬರುತ್ತಾರೆ. ಆದಾಯ ಪತ್ರ ನೋಡಿದರೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಮೊತ್ತ. ಕೊಳವೆಬಾವಿಗೆ ಮಾಡಿದ ಸಾಲ ಆ ಪತ್ರದಲ್ಲಿ ಇರುವುದಿಲ್ಲ. ನಮ್ಮ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ, ನೀರು ಅಂದರೆ ಬೋರು. ಮೂರು ಬೋರು ಕೊರೆಸಿ ಎರಡು ಬತ್ತಿದ ಮನೆಯೂ, ಬೋರೇ ಕೊರೆಸದ ಮನೆಯೂ ಕಾಗದದ ಮೇಲೆ ಒಂದೇ ಥರ ಕಾಣುತ್ತವೆ. ಮನೆಗೆ ಹೋದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಸಂದರ್ಶನ ಮುಗಿದ ಮೇಲೆ ಒಂಬತ್ತು ಮಕ್ಕಳ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಹತ್ತನೆಯ ಸೀಟಿಗೆ ಮೂರು ಫೈಲು ಮೇಜಿನ ಮೇಲೆ ಉಳಿದವು.

ಮೂರು ಫೈಲು

ಮೊದಲನೆಯದು ಅಂಗಡಿಯವರ ಮಗಳದು. ಖಾಸಗಿ ಪಿಯು ಕಾಲೇಜು, 600ಕ್ಕೆ 582. ಸಿಇಟಿ ಬರೆದು ಬೆಂಗಳೂರಿನಲ್ಲಿ ಇಂಜಿನಿಯರಿಂಗ್‌ಗೆ ಸೇರಿದ್ದಳು. ಬಾಡಿಗೆ ಮನೆ, ದೊಡ್ಡ ಸಾಲವಿಲ್ಲ. ಪತ್ರ ಚೆನ್ನಾಗಿತ್ತು. ಸಂದರ್ಶನದಲ್ಲಿ ಧೈರ್ಯವಾಗಿ, ಇಂಗ್ಲಿಷಿನಲ್ಲಿ ಮಾತಾಡಿದಳು. ಒಳ್ಳೆಯ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ.

ಎರಡನೆಯದು ಶಿಡ್ಲಘಟ್ಟದ ಕಡೆಯ ಹುಡುಗಿಯದು. ಹೈಸ್ಕೂಲು, ಪಿಯು ಎರಡೂ ಸರ್ಕಾರಿ. 546 ಅಂಕ, ಅಂದರೆ 91 ಪರ್ಸೆಂಟ್. ತಾಯಿ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸ ಮಾಡುತ್ತಾರೆ. ತಂದೆ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾರೆ. ಚಿಂತಾಮಣಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎಸ್ಸಿ. ಪತ್ರ ಮಾತ್ರ ಪೂರಾ ಟೊಳ್ಳು. "ದೇಶಸೇವೆ ಮಾಡುವುದು ನನ್ನ ಕನಸು" ಎಂಬ ಸಾಲು ಅದರಲ್ಲಿತ್ತು. ಅದೇ ಸಾಲು ಇನ್ನೂ ನಾಲ್ಕೈದು ಅರ್ಜಿಗಳಲ್ಲಿತ್ತು. ಎಲ್ಲವೂ ಒಂದೇ ಕಡೆ ಟೈಪ್ ಆದವು.

ಮೂರನೆಯದು ಬಾಗೇಪಲ್ಲಿ ತಾಲ್ಲೂಕಿನ ಹುಡುಗನದು. 492 ಅಂಕ, 82 ಪರ್ಸೆಂಟ್. ಕರೆದ 20 ಮಂದಿಯಲ್ಲಿ ಇದೇ ಕಡಿಮೆ. ಎರಡು ಎಕರೆ ಹೊಲ, ಬತ್ತಿದ ಬೋರು, ಕೈಸಾಲ, ಎಸ್ಸೆಸ್ಸೆಲ್ಸಿ ಓದುತ್ತಿರುವ ತಂಗಿ. ಪಿಯುಸಿ ಓದುವಾಗ ರಜೆಯಲ್ಲಿ ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟು ಹೊರುತ್ತಿದ್ದ. ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ ಲಕ್ಷ ದಾಟುತ್ತಿತ್ತು. ಕನ್ನಡದಲ್ಲಿ ಬರೆದ ಅವನ ಪತ್ರ ಅರ್ಧ ಪುಟವೂ ಇರಲಿಲ್ಲ. ಕಾಲೇಜಿಗೆ ಕಟ್ಟಬೇಕಾದದ್ದು ಇಷ್ಟು, ಕೈಯಲ್ಲಿ ಇರುವುದು ಇಷ್ಟು, ಮಾವ ಕೊಡುತ್ತೇನೆ ಅಂದದ್ದು ಇಷ್ಟು, ಉಳಿದದ್ದು ಇಷ್ಟು ಎಂದು ಲೆಕ್ಕ ಬರೆದಿದ್ದ.

ಮೂವರ ಅಂಕ ಹೀಗೆ ಬಿದ್ದವು. ಅಂಗಡಿಯವರ ಮಗಳಿಗೆ ಮಾರ್ಕ್ಸಿಗೆ 38.8, ಮನೆಗೆ 14, ಪತ್ರಕ್ಕೆ 8, ಸಂದರ್ಶನಕ್ಕೆ 17. ಒಟ್ಟು 77.8. ಶಿಡ್ಲಘಟ್ಟದ ಹುಡುಗಿಗೆ 36.4, 22, 4, 11. ಒಟ್ಟು 73.4. ಬಾಗೇಪಲ್ಲಿ ಹುಡುಗನಿಗೆ 32.8, 26, 7, 12. ಒಟ್ಟು 77.8.

ಸರಿಸಮ! ಸಮ ಬಂದರೆ ಏನು ಮಾಡಬೇಕು ಎಂಬ ನಿಯಮ ನಮ್ಮ ಕಡತದಲ್ಲಿ ಇರಲಿಲ್ಲ.

40 ಅಂಕ ಇಟ್ಟರೂ ಕೆಲಸ ಮಾಡಿದ್ದು 6

ಅಂಗಡಿಯವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. 97ಕ್ಕೂ 82ಕ್ಕೂ 15 ಪರ್ಸೆಂಟ್ ಅಂತರ. ಪಿಯುಸಿ ಫಲಿತಾಂಶದ ದಿನ ಅದು ಬೆಟ್ಟದಷ್ಟು ಕಾಣುತ್ತದೆ. ಅದನ್ನು 40ಕ್ಕೆ ಇಳಿಸಿದರೆ ಅಂತರ ಬರೀ 6 ಅಂಕ. ಸಂದರ್ಶನಕ್ಕೆ ಕರೆದ 20 ಮಕ್ಕಳೂ 82ರಿಂದ 97ರ ನಡುವೆಯೇ ಇದ್ದರು. ಅಂದರೆ ಮಾರ್ಕ್ಸಿಗೆ 40 ಇಟ್ಟಿದ್ದರೂ ಅದು ಮಕ್ಕಳನ್ನು ಬೇರ್ಪಡಿಸಿದ್ದು 6 ಅಂಕದಷ್ಟು ಮಾತ್ರ.

ಮನೆಯ ಪರಿಸ್ಥಿತಿಯ ಅಂಕ 12ರಿಂದ 26ರವರೆಗೆ ಹರಡಿತ್ತು. ಅಲ್ಲಿ ಅಂತರ 14. ಸಂದರ್ಶನದ್ದು 8ರಿಂದ 17, ಅಂದರೆ 9. ಕಾಗದದ ಮೇಲೆ ಮಾರ್ಕ್ಸಿಗೆ ಸಂದರ್ಶನದ ಎರಡರಷ್ಟು ತೂಕ. ನಿಜದಲ್ಲಿ ಸಂದರ್ಶನವೇ ಮಾರ್ಕ್ಸಿಗಿಂತ ಜಾಸ್ತಿ ಕೆಲಸ ಮಾಡಿತು. ಯಾವುದಕ್ಕೆ ಎಷ್ಟು ಅಂಕ ಇಟ್ಟಿದ್ದಾರೆ ಎಂಬುದಕ್ಕಿಂತ ಯಾವುದರಲ್ಲಿ ಮಕ್ಕಳ ನಡುವೆ ಎಷ್ಟು ಅಂತರ ಬರುತ್ತದೆ ಎಂಬುದೇ ಆಯ್ಕೆಯನ್ನು ತೀರ್ಮಾನಿಸುತ್ತದೆ. ಸಂಖ್ಯಾಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. ಆದರೆ ಇಂಥ ಕಮಿಟಿಗಳಲ್ಲಿ ಕೂರುವವರು ಈ ಲೆಕ್ಕ ಹಾಕಿ ನೋಡುವುದು ಅಪರೂಪ.

ಇದೇ ಮಾತು ಸದಸ್ಯರಿಗೂ ಅನ್ವಯಿಸುತ್ತದೆ. ನಾವು ಐದು ಜನ. ಒಬ್ಬರು ಎಲ್ಲ ಮಕ್ಕಳಿಗೂ ಸಂದರ್ಶನದಲ್ಲಿ 13, 14, 15 ಹಾಕುತ್ತಾ ಹೋದರು. ಇನ್ನೊಬ್ಬರು 6 ಕೊಟ್ಟದ್ದೂ ಇದೆ, 19 ಕೊಟ್ಟದ್ದೂ ಇದೆ. ಐವರ ಸರಾಸರಿ ತೆಗೆದಾಗ ಮೊದಲನೆಯವರ ಅಭಿಪ್ರಾಯಕ್ಕೆ ಬೆಲೆಯೇ ಉಳಿಯಲಿಲ್ಲ. ಕೈಬಿಚ್ಚಿ ಕೊಟ್ಟು, ಕೈಬಿಚ್ಚಿ ಕತ್ತರಿಸಿದವರ ಮಾತೇ ನಡೆಯಿತು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಮಕ್ಕಳ ಬದುಕು ಅದರ ಮೇಲೆ ನಿಂತಿತ್ತು.

ಮಾರ್ಕ್ಸಿನ ಬಗ್ಗೆ ಇನ್ನೊಂದು ವಿಷಯ ಹೊರಗೆ ಬಂತು. 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲ ಪರೀಕ್ಷೆಯಲ್ಲಿ ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಎರಡನೆಯದು ಬರೆಯಬಹುದು. ಒಳ್ಳೆಯ ವ್ಯವಸ್ಥೆ. ಅಂಗಡಿಯವರ ಮಗಳಿಗೆ ಮೊದಲು ಬಂದದ್ದು 93 ಪರ್ಸೆಂಟ್. ಎರಡನೆಯ ಪರೀಕ್ಷೆಗೆ ಟ್ಯೂಷನ್ ಹಾಕಿ 97ಕ್ಕೆ ಏರಿಸಿಕೊಂಡಳು. ಅದು ಅವಳ ಶ್ರಮ, ತಪ್ಪು ಹುಡುಕುವಂಥದ್ದು ಏನೂ ಇಲ್ಲ. ಬಾಗೇಪಲ್ಲಿ ಹುಡುಗ ಆ ಏಪ್ರಿಲ್, ಮೇ ತಿಂಗಳಲ್ಲಿ ಟೊಮೆಟೊ ಮಾರುಕಟ್ಟೆಯಲ್ಲಿದ್ದ. ಮತ್ತೆ ಪರೀಕ್ಷೆಗೆ ಕೂರುವ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಎರಡು ಮಾರ್ಕ್ಸ್ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟರೆ ಈ ಎರಡು ಬೇಸಿಗೆಗಳು ಅದರಲ್ಲಿ ಕಾಣುವುದಿಲ್ಲ, ಅಲ್ವಾ?

ಯಾವ ಭಾಷೆಯಲ್ಲಿ ಕೇಳಿದರು

ಸಂದರ್ಶನದ ಕೋಣೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಪ್ರಕಾರ ಈ ಪ್ರಕರಣದ ತಿರುಳು ಅಲ್ಲಿದೆ.

ಬಾಗೇಪಲ್ಲಿ ಆಂಧ್ರದ ಗಡಿ. ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ತೆಲುಗು. ಶಾಲೆಯಲ್ಲಿ ಕನ್ನಡ. ಪಿಯುಸಿ ವಿಜ್ಞಾನಕ್ಕೆ ಬಂದರೆ ಪಾಠ ಇಂಗ್ಲಿಷಿನಲ್ಲಿ. ಹುಡುಗ ಒಳಗೆ ಬಂದು ಕೂತ. ಮೊದಲ ಸದಸ್ಯರು ಇಂಗ್ಲಿಷಿನಲ್ಲೇ ಶುರು ಮಾಡಿದರು. ನಿನ್ನ ಬಗ್ಗೆ ಹೇಳು ಅಂದರು. ಹೆಸರು, ಊರು ಹೇಳಿ ನಿಲ್ಲಿಸಿದ. ನರ್ಸಿಂಗ್ ಯಾಕೆ ಅಂದರೆ "ಸರ್ವಿಸ್ ಟು ಪೀಪಲ್" ಅಂದ. ಸದಸ್ಯರ ಹಾಳೆಗಳಲ್ಲಿ 8, 9 ಬೀಳತೊಡಗಿತು.

ಚಿಂತಾಮಣಿ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ ಒಬ್ಬರು ನಮ್ಮ ಕಮಿಟಿಯಲ್ಲಿದ್ದರು. ಅವರು ತೆಲುಗಿನಲ್ಲಿ ಕೇಳಿದರು. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಆಗಿತ್ತೇನಪ್ಪಾ ಎಂದು. ಆಗ ಹುಡುಗ ಬಾಯಿ ಬಿಟ್ಟ. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ವಾಸಿಯಾಗುತ್ತಿರಲಿಲ್ಲ. ಆರೋಗ್ಯ ಕೇಂದ್ರದ ನರ್ಸು ಡ್ರೆಸ್ಸಿಂಗ್ ಮಾಡುವುದನ್ನು ನೋಡಿ ನೋಡಿ ಕಲಿತ. ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ತಾನೇ ಮಾಡಿದ. ಗಾಯವನ್ನು ಹೇಗೆ ತೊಳೆಯಬೇಕು, ಯಾವ ಬಣ್ಣ ಕಂಡರೆ ಹೆದರಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಕೋಣೆಯಲ್ಲಿದ್ದವರೆಲ್ಲ ಮುಂದೆ ಬಾಗಿ ಕೇಳಿದೆವು. ಸರಾಸರಿ 12ಕ್ಕೆ ಬಂದದ್ದು ಹಾಗೆ.

ಆ ಒಂದು ಪ್ರಶ್ನೆ ತೆಲುಗಿನಲ್ಲಿ ಬರದೇ ಹೋಗಿದ್ದರೆ ಅವನ ಸಂದರ್ಶನದ ಅಂಕ ಎಂಟೂವರೆಯ ಹತ್ತಿರ ನಿಲ್ಲುತ್ತಿತ್ತು. ಒಟ್ಟು 74 ಚಿಲ್ಲರೆ. ಅಂಗಡಿಯವರ ಮಗಳ ಜೊತೆ ಅವನು ಸಮ ಬರುವ ಪ್ರಸಂಗವೇ ಇರುತ್ತಿರಲಿಲ್ಲ. ಮಾರ್ಕ್ಸು, ಮನೆ, ಪತ್ರ ಎಲ್ಲ ಅದೇ. ಬದಲಾದದ್ದು ಪ್ರಶ್ನೆ ಕೇಳಿದ ಭಾಷೆ ಮಾತ್ರ.

ಶಿಡ್ಲಘಟ್ಟದ ಹುಡುಗಿಗೆ ಅಂಥ ಅದೃಷ್ಟ ಸಿಗಲಿಲ್ಲ. ಅವಳನ್ನು ಕನ್ನಡದಲ್ಲೇ ಮಾತಾಡಿಸಿದೆವು. ಆದರೂ ಕೇಳಿದ್ದು ಸುಮ್ನೆ ಮೇಲುಮೇಲಿನ ಪ್ರಶ್ನೆಗಳು. ಪತ್ರದಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲವಲ್ಲ, ಹಾಗಾಗಿ ಕೇಳುವುದಕ್ಕೂ ದಾರಿ ಸಿಗಲಿಲ್ಲ. ಮನೆಗೆ ಹೋಗಿ ಬಂದ ಸ್ವಯಂಸೇವಕಿಯ ವರದಿಯ ಎರಡನೇ ಪುಟದಲ್ಲಿ ಒಂದು ಸಾಲಿತ್ತು: ಸಂಜೆ ಬೀದಿಯ ಎಂಟು ಮಕ್ಕಳನ್ನು ಕೂರಿಸಿಕೊಂಡು ಗಣಿತ ಹೇಳಿಕೊಡುತ್ತಾಳೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಇದನ್ನು ಅವಳು ಪತ್ರದಲ್ಲಿ ಬರೆದಿರಲಿಲ್ಲ. ಅದು ಹೇಳಿಕೊಳ್ಳುವಂಥ ವಿಷಯ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಸೈಬರ್ ಸೆಂಟರ್‌ನ ಮಾದರಿ ಪತ್ರವೇ ಸರಿಯಾದ ಪತ್ರ ಎಂದು ನಂಬಿದ್ದಳು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರುಗಳು ಒಂದು ಹಿಡಿ ಗೂಡು ಕೈಗೆತ್ತಿಕೊಂಡು ಇಡೀ ಲಾಟಿಗೆ ಬೆಲೆ ಕಟ್ಟುತ್ತಾರೆ. ಹತ್ತು ನಿಮಿಷದ ಸಂದರ್ಶನವೂ ಅಂಥದ್ದೇ. ಆ ಹಿಡಿಯಲ್ಲಿ ಯಾವ ಗೂಡು ಬಂತು ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ.

ಬೇರೆ ಕಡೆ ಏನು ಸಿಗಬಹುದು

ಸಮ ಬಂದ ಮೇಲೆ ಚರ್ಚೆ ಶುರುವಾಯಿತು. ಒಬ್ಬರು "ಓದಿಗೆ ಬೆಲೆ ಕೊಡಬೇಕು, 97ಕ್ಕೇ ಕೊಡಿ" ಅಂದರು. ಇನ್ನೊಬ್ಬರು ಬಡತನ ನೋಡಿ ಅಂದರು. ಆಗ ಮುಖ್ಯೋಪಾಧ್ಯಾಯಿನಿ ಬೇರೆಯೇ ಪ್ರಶ್ನೆ ಎತ್ತಿದರು. "ನಮ್ಮ ದುಡ್ಡು ಇಲ್ಲದಿದ್ದರೆ ಈ ಮೂವರ ಓದು ಏನಾಗುತ್ತೆ? ಅದನ್ನು ನೋಡೋಣ." ಮೂರು ಹಾಳೆ ತೆಗೆದುಕೊಂಡು ಒಬ್ಬೊಬ್ಬರದೂ ಲೆಕ್ಕ ಹಾಕಿದೆವು.

ಅಂಗಡಿಯವರ ಮಗಳಿಗೆ ಸ್ಪರ್ಧಿಸಲು ಬಾಗಿಲುಗಳು ಹಲವು. ಇನ್ಫೋಸಿಸ್ ಫೌಂಡೇಶನ್ 2023ರಲ್ಲಿ ಶುರು ಮಾಡಿದ ಸ್ಟೆಮ್ ಸ್ಟಾರ್ಸ್ ಇದೆ. ವಿಜ್ಞಾನ, ಇಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 1 ಲಕ್ಷದವರೆಗೆ ಕೊಡುತ್ತದೆ. ರಿಲಯನ್ಸ್ ಫೌಂಡೇಶನ್ ವರ್ಷಕ್ಕೆ 5,000 ಡಿಗ್ರಿ ವಿದ್ಯಾರ್ಥಿಗಳಿಗೆ ಇಡೀ ಕೋರ್ಸಿಗೆ 2 ಲಕ್ಷದವರೆಗೆ ಕೊಡುತ್ತದೆ. ಅಲ್ಲಿ ಆನ್‌ಲೈನ್ ಆಪ್ಟಿಟ್ಯೂಡ್ ಟೆಸ್ಟ್ ಬರೆಯಲೇಬೇಕು. ಪಿಯುಸಿಯಲ್ಲಿ 60 ಪರ್ಸೆಂಟ್ ಇದ್ದರೆ ಸಾಕು ಎಂಬುದು ಅರ್ಹತೆ ಮಾತ್ರ. ಮುಂದಿನ ಆಯ್ಕೆಗೆ ಟೆಸ್ಟು, ಅಂಕ, ಮನೆಯ ಆದಾಯ ಎಲ್ಲವನ್ನೂ ನೋಡುತ್ತಾರೆ. ಎರಡೂವರೆ ಲಕ್ಷಕ್ಕಿಂತ ಕಡಿಮೆ ಆದಾಯದ ಮನೆಗಳಿಗೆ ಆದ್ಯತೆ ಇದೆ.

ಕೇಂದ್ರ ಸರ್ಕಾರದ ಕಾಲೇಜು ವಿದ್ಯಾರ್ಥಿವೇತನವೂ ಇದೆ. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸ ಸ್ಕಾಲರ್‌ಶಿಪ್, ಅರ್ಧ ಹೆಣ್ಣುಮಕ್ಕಳಿಗೆ. ಡಿಗ್ರಿಯಲ್ಲಿ ವರ್ಷಕ್ಕೆ 12,000 ರೂಪಾಯಿ. ಅದರ ಆಯ್ಕೆಯ ಕ್ರಮ ನಮ್ಮದಕ್ಕಿಂತ ಪೂರಾ ಬೇರೆ, ಸಂದರ್ಶನವಿಲ್ಲ. ನಿಮ್ಮ ಬೋರ್ಡಿನಲ್ಲಿ, ನಿಮ್ಮ ವಿಭಾಗದಲ್ಲಿ ಪಾಸಾದವರ ಪೈಕಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಅಂದರೆ ನೂರರಲ್ಲಿ ಮೇಲಿನ ಇಪ್ಪತ್ತರೊಳಗೆ. ಮನೆಯ ಆದಾಯ ನಾಲ್ಕೂವರೆ ಲಕ್ಷದ ಒಳಗೆ. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರಂತೆ ಹಂಚುತ್ತಾರೆ. ಬೇರೆ ಸ್ಕಾಲರ್‌ಶಿಪ್ ಪಡೆಯುತ್ತಿದ್ದರೆ ಇದು ಸಿಗುವುದಿಲ್ಲ. ಆದ್ದರಿಂದ ಯಾವುದು ಲಾಭ ಎಂದು ಮೊದಲೇ ಕೂಡಿ ಕಳೆದು ನೋಡಬೇಕು.

ಶಿಡ್ಲಘಟ್ಟದ ಹುಡುಗಿಯ ಖರ್ಚು ಮೂವರಲ್ಲೇ ಕಡಿಮೆ. ಸರ್ಕಾರಿ ಕಾಲೇಜು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ. ಬಿಎಸ್ಸಿ ಮಕ್ಕಳಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್‌ನಲ್ಲಿ ವರ್ಷಕ್ಕೆ 80,000 ಸಿಗುತ್ತದೆ ಎಂದು ಒಬ್ಬರು ನೆನಪಿಸಿದರು. ಅದು ಬೋರ್ಡಿನ ಮೇಲಿನ ಒಂದು ಪರ್ಸೆಂಟ್ ಮಕ್ಕಳಿಗೆ. 91 ಪರ್ಸೆಂಟ್ ಅಂಕ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾದರೆ ಅವಳಿಗೆ ಅಪಾಯ ಎಲ್ಲಿದೆ? ಫೀಸಿನಲ್ಲಿ ಅಲ್ಲ, ಮನೆಯ ಒತ್ತಡದಲ್ಲಿ. "ವರ್ಷಕ್ಕೆ ಇಷ್ಟು ದುಡ್ಡು ಹುಡುಗಿಯ ಹೆಸರಿಗೆ ಬರುತ್ತೆ ಅಂದರೆ ಮದುವೆ ಮಾತು ಮೂರು ವರ್ಷ ಮುಂದಕ್ಕೆ ಹೋಗುತ್ತೆ" ಅಂದರು ಮುಖ್ಯೋಪಾಧ್ಯಾಯಿನಿ. ಆ ಮಾತು ನೂರಕ್ಕೆ ನೂರು ನಿಜ. ನನ್ನ ತರಗತಿಗಳಿಂದಲೇ ಎಷ್ಟು ಹೆಣ್ಣುಮಕ್ಕಳು ಹಾಗೆ ಎದ್ದುಹೋದರೋ.

ಅವಳಿಗೆ ದಾರಿ ಸಿಕ್ಕಿದ್ದು ಬೇರೆ ಕಡೆ. ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ಸ್ಕಾಲರ್‌ಶಿಪ್ 2025ರಲ್ಲಿ ಕರ್ನಾಟಕಕ್ಕೂ ಬಂತು. ಹತ್ತನೆಯ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ ಡಿಗ್ರಿಯ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ, ಕೋರ್ಸು ಮುಗಿಯುವವರೆಗೆ. ಇಲ್ಲಿ ಮಾರ್ಕ್ಸಿನ ಪೈಪೋಟಿ ಇಲ್ಲ. ನಾನು ಮೊದಲೇ ಹೇಳಿದ ಎರಡು ಜಾತಿಯಲ್ಲಿ ಇದು ಮೊದಲನೆಯದಕ್ಕೆ ಹತ್ತಿರ. ಅವಳು ಅರ್ಜಿಯನ್ನೇ ಹಾಕಿರಲಿಲ್ಲ. ಇಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಸ್ಪರ್ಧೆ ಇಲ್ಲದೆ ಸಿಗುವ ದುಡ್ಡನ್ನು ಬಿಟ್ಟು, ಹತ್ತೇ ಸೀಟಿನ ನಮ್ಮ ಬಾಗಿಲಲ್ಲಿ ನಿಂತಿದ್ದಳು.

ಬಾಗೇಪಲ್ಲಿ ಹುಡುಗನ ಹಾಳೆ ಬೇಗ ಮುಗಿಯಿತು. ಹೆಣ್ಣುಮಕ್ಕಳಿಗೆ ಮೀಸಲಾದವು ಅವನಿಗಿಲ್ಲ. 82 ಪರ್ಸೆಂಟ್‌ಗೆ ಅಂಕದ ಮೇಲೆ ಕೊಡುವವು ಕಷ್ಟ. ರೈತ ವಿದ್ಯಾನಿಧಿಯಲ್ಲಿ ನರ್ಸಿಂಗ್ ಓದುವ ಹುಡುಗರಿಗೆ ನಿಗದಿಯಾಗಿರುವುದು ವರ್ಷಕ್ಕೆ 7,500. ಲಕ್ಷ ದಾಟುವ ಖರ್ಚಿಗೆ ಅದು ಎಲ್ಲಿಗೆ ಸಾಲುತ್ತದೆ? ನಮ್ಮ ದುಡ್ಡು ಸಿಗದಿದ್ದರೆ ಅವನು ಮೊದಲ ವರ್ಷವೇ ವಾಪಸ್ ಬರುವ ಸಂಭವ ಜಾಸ್ತಿ ಇತ್ತು.

ತೀರ್ಮಾನ

ಸೀಟು ಅವನಿಗೆ ಹೋಯಿತು. ನಾಲ್ವರು ಒಪ್ಪಿದರು. ಒಬ್ಬರು ಒಪ್ಪಲಿಲ್ಲ, ತಮ್ಮ ಕಾರಣವನ್ನು ನಡಾವಳಿಯಲ್ಲಿ ಬರೆಸಿದರು. ಶ್ರಮಪಟ್ಟು 97 ತೆಗೆದ ಹುಡುಗಿಗೆ, ನಿನಗೆ ಬೇರೆ ಕಡೆ ಸಿಗಬಹುದು ಎಂದು ಹೇಳಿ ಕಳಿಸುವುದು ಅನ್ಯಾಯ ಎಂಬುದು ಅವರ ವಾದ. "ಸಿಗಬಹುದು" ಎಂಬುದು "ಸಿಕ್ಕಿತು" ಅಲ್ಲವಲ್ಲ ಎಂದರು. ಆ ವಾದವನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. ನಾನು ಹುಡುಗನ ಪರ ಮತ ಹಾಕಿದೆ, ಇವತ್ತೂ ಅದೇ ಸರಿ ಅನ್ನುತ್ತೇನೆ. ಆದರೂ ಇದು ಯಾರು ಹೆಚ್ಚು ಯೋಗ್ಯರು ಎಂಬ ತೀರ್ಪು ಆಗಿರಲಿಲ್ಲ. ಇರುವ ದುಡ್ಡು ಯಾರ ಓದನ್ನು ಉಳಿಸುತ್ತದೆ ಎಂಬ ಊಹೆ ಆಗಿತ್ತು. ಅಂಗಡಿಯವರಿಗೆ ನಾನು ಹೇಳಿದ್ದೂ ಇದನ್ನೇ. ಅವರ ಮಗಳ 97 ಎಲ್ಲೂ ಕಡಿಮೆಯಾಗಲಿಲ್ಲ. ನಾವು ಕೇಳಿಕೊಂಡ ಪ್ರಶ್ನೆಗೆ 97 ಉತ್ತರವಾಗಿರಲಿಲ್ಲ ಅಷ್ಟೇ.

ಅವರು ಕೇಳಿಸಿಕೊಂಡರು. "ಇದನ್ನ ಮೊದಲೇ ಅರ್ಜಿಯಲ್ಲಿ ಬರೆದಿದ್ರೆ ನಾವು ಆಸೆ ಇಟ್ಕೊಳ್ತಿರಲಿಲ್ಲ ಸಾರ್" ಅಂದರು. ಈ ಇಡೀ ಪ್ರಕರಣದಲ್ಲಿ ನಮ್ಮ ಟ್ರಸ್ಟಿನ ಬಗ್ಗೆ ಬಂದ ಅತ್ಯಂತ ಸರಿಯಾದ ಟೀಕೆ ಅದು.

ಸಭೆಯಲ್ಲಿ ಒಬ್ಬರು ಎಚ್. ನರಸಿಂಹಯ್ಯನವರ ಹೆಸರು ತೆಗೆದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಹೋಗಿ ಓದಿದವರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. ಆ ವಯಸ್ಸಿನಲ್ಲಿ ಅವರನ್ನು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಸಂದರ್ಶನ ಮಾಡಿದ್ದರೆ ನಾವು ಎಷ್ಟು ಅಂಕ ಕೊಡುತ್ತಿದ್ದೆವು? ಯಾರೂ ಉತ್ತರ ಹೇಳಲಿಲ್ಲ. ಸಂದರ್ಶನದ ಭಾಷೆಯ ನಿಯಮ ಬದಲಾದದ್ದು ಆ ಪ್ರಶ್ನೆಯಿಂದ.

ಆಮೇಲೆ

ಶಿಡ್ಲಘಟ್ಟದ ಹುಡುಗಿಗೆ ನಮ್ಮ ಸ್ವಯಂಸೇವಕಿಯೇ ಫೋನ್ ಮಾಡಿ ಪ್ರೇಮ್‌ಜಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿಸಿದರು. ದುಡ್ಡು ಅವಳ ಖಾತೆಗೆ ಬಂದಿದೆ. ಅಂಗಡಿಯವರ ಮಗಳು ದೊಡ್ಡ ಫೌಂಡೇಶನ್ ಒಂದರ ಟೆಸ್ಟ್ ಬರೆದಿದ್ದಾಳೆ. ನಮ್ಮ ಕಾಯುವ ಪಟ್ಟಿಯಲ್ಲೂ ಮೊದಲ ಹೆಸರು ಅವಳದೇ. ಹುಡುಗ ನರ್ಸಿಂಗ್ ಓದುತ್ತಿದ್ದಾನೆ. ಅವನ ಫೀಸಿನ ನಮ್ಮ ಪಾಲನ್ನು ನೇರವಾಗಿ ಕಾಲೇಜಿಗೆ ಕಟ್ಟುತ್ತೇವೆ.

ಟ್ರಸ್ಟ್ ತನ್ನ ಕ್ರಮವನ್ನು ಸಾಕಷ್ಟು ಬದಲಿಸಿಕೊಂಡಿತು. "ನಿಮ್ಮ ಕನಸಿನ ಬಗ್ಗೆ ಬರೆಯಿರಿ" ಎಂಬ ಪತ್ರ ಹೋಯಿತು. ಅದರ ಬದಲು ನೇರ ಪ್ರಶ್ನೆಗಳು ಬಂದವು: ವರ್ಷಕ್ಕೆ ಖರ್ಚು ಎಷ್ಟು, ಕೈಯಲ್ಲಿ ಎಷ್ಟಿದೆ, ಓದಿನ ಹೊರಗೆ ದಿನಾ ಏನು ಕೆಲಸ ಮಾಡುತ್ತೀರಿ, ಯಾರಿಗಾದರೂ ಏನಾದರೂ ಕಲಿಸಿದ್ದೀರಾ. ಕನ್ನಡ, ತೆಲುಗು, ಉರ್ದು, ಇಂಗ್ಲಿಷ್, ಯಾವ ಭಾಷೆಯಲ್ಲಿ ಮಾತಾಡಬೇಕು ಎಂದು ವಿದ್ಯಾರ್ಥಿಯೇ ಅರ್ಜಿಯಲ್ಲಿ ಹೇಳಬಹುದು. ಮನೆ ಭೇಟಿಯ ವರದಿಯನ್ನು ಸದಸ್ಯರು ಸಂದರ್ಶನಕ್ಕೆ ಮೊದಲೇ ಓದಿರಬೇಕು. ಪ್ರತಿಯೊಬ್ಬರೂ ತಮ್ಮ ಅಂಕವನ್ನು ಮಾತುಕತೆಗೆ ಮುಂಚೆ ಬರೆದು ಮಡಚಿ ಕೊಡಬೇಕು. ಸಮ ಬಂದರೆ ಮನೆಯ ಪರಿಸ್ಥಿತಿಯ ಅಂಕ ನೋಡಬೇಕು. ದಾಖಲೆ ತಪ್ಪಿದವರಿಗೆ ಮೆಸೇಜು ಸಾಲದು, ಕಾಲೇಜಿನ ಪ್ರಿನ್ಸಿಪಾಲರಿಗೂ ಫೋನ್ ಹೋಗಬೇಕು.

ಒಂದು ವಿಷಯದಲ್ಲಿ ಮಾತ್ರ ಒಮ್ಮತ ಬಂದಿಲ್ಲ. ಆಯ್ಕೆಯಾಗದ ಪ್ರತಿ ಮಗುವಿಗೂ ಅದರ ಅಂಕಗಳನ್ನು, ಎಲ್ಲಿ ಹಿಂದೆ ಬಿತ್ತು ಎಂಬುದನ್ನು ಬರೆದು ಕಳಿಸಬೇಕು ಎಂಬುದು ನನ್ನ ಒತ್ತಾಯ. ಹಾಗೆ ಮಾಡಿದರೆ ದಿನಾ ಬಾಗಿಲಲ್ಲಿ ಜಗಳ ಶುರುವಾಗುತ್ತದೆ ಎಂದು ಅಧ್ಯಕ್ಷರ ಆತಂಕ. ಕೇಳಲು ಬಂದ ಅಂಗಡಿಯವರು ಜಗಳ ಮಾಡಲಿಲ್ಲ ಎಂದು ನೆನಪಿಸಿದ್ದೇನೆ. ಅಧ್ಯಕ್ಷರು ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ. ಹೊಸ ಅರ್ಜಿಗಳು ಬರುವ ಮುಂಚಿನ ಸಭೆಯಲ್ಲಿ ಇದನ್ನು ಮತ್ತೆ ಎತ್ತುತ್ತೇನೆ.